ಓಣಿಯನ್ನು ದ್ವೀಪಕ್ಕೆ ಕರೆದೊಯ್ದ ಹಾಲಮ್ಮಕ್ಕ

ಹಾಲಮ್ಮಕ್ಕ ಕೈ ಅಡ್ಡ ಹಿಡಿದು ಬಸ್ ನಿಲ್ಲಿಸಿದವಳಲ್ಲ, ಕೂಗಿ ನಿಲ್ಲಿಸಿದವಳು. ನ್ಯಾಮತಿ ಬಸ್ ಸ್ಟ್ಯಾಂಡಿನಿಂದ ಹೊರಟ ಶಿವಮೊಗ್ಗದ ಬಸ್ಸು ಸರ್ಕಲ್ ದಾಟಿ ವೇಗ ಹಿಡಿದಿರುತ್ತಿತ್ತು. ಯಾರೋ ಮುದುಕಿ ಕೈಚೀಲ ಹೊತ್ತು ಏದುಸಿರು ಬಿಡುತ್ತಾ ಹಿಂದೆ ಓಡಿ ಬರುತ್ತಿರುತ್ತಿದ್ದಳು. ಹಾಲಮ್ಮಕ್ಕ ಬಾಣಲೆಯ ಮುಂದೆ ಕೂತಲ್ಲಿಂದಲೇ, ಎಣ್ಣೆಯಲ್ಲಿದ್ದ ಮೆಣಸಿನಕಾಯಿ ಮಗುಚುತ್ತಲೇ, "ಏ ಡ್ರೈವರಣ್ಣಾ, ನಿಂದ್ರಪ್ಪೋ" ಎಂದು ಒಂದೇ ಒಂದು ಕೂಗು ಹಾಕುತ್ತಿದ್ದಳು. ಬಸ್ಸು ನಿಂತುಬಿಡುತ್ತಿತ್ತು. ಮುದುಕಿ ಹತ್ತಿದ ಮೇಲೆ ಡ್ರೈವರು ಕಿಟಕಿಯಿಂದ ತಲೆ ಹಾಕಿ ಬೈಯುವ ಮೊದಲೇ ಇವಳು ಬೇರೆ ಗಿರಾಕಿಗೆ ಮಂಡಕ್ಕಿ ಕಲಸಿಕೊಡುತ್ತಿರುತ್ತಿದ್ದಳು.

ಅವಳ ಮಂಡಕ್ಕಿ ಗಾಡಿಗೂ ನನ್ನ ಟೇಲರ್ ಅಂಗಡಿಗೂ ನಡುವೆ ಒಂದು ಚರಂಡಿಯಷ್ಟೇ ಅಂತರ. ಹಗಲೆಲ್ಲ ನಾನು ಬ್ಲೌಸ್ ಹೊಲಿಯುತ್ತಾ ಅವಳ ಮಾತು ಕೇಳುತ್ತಿದ್ದೆ. ಕೇಳದೆ ಇರುವ ಉಪಾಯವೂ ಇರಲಿಲ್ಲ ಅನ್ನಿ. ಅಕ್ಕಪಕ್ಕದ ಮನೆಯವರಾದ್ದರಿಂದ ನಾನು ಅಕ್ಕ ಅನ್ನುತ್ತಿದ್ದೆ. ಮರ್ಯಾದೆ ಕೊಟ್ಟು 'ನೀವು, ತಾವು' ಅಂದರೆ, "ಯಾಕೆ, ನಾನೇನು ತಾಲೂಕ್ ಆಫೀಸಿನಿಂದ ಬಂದೀನೇನು?" ಎಂದು ರೇಗುತ್ತಿದ್ದಳು. ಎಂಥ ಕಷ್ಟ ಹೇಳಿಕೊಂಡರೂ ಅವಳ ಮೊದಲ ಉತ್ತರ ಒಂದೇ: "ಅದೇನು ಮಹಾ ಬಿಡು." ಅಷ್ಟು ಹೇಳಿ ಆಮೇಲೆ ಆ ಕಷ್ಟಕ್ಕಾಗಿ ಊರೆಲ್ಲ ಓಡಾಡುವವಳೂ ಅವಳೇ.

ಇಂಥ ಗಂಟಲಿನ ಹೆಂಗಸು ಮನೆಯೊಳಗೆ ಕಾಲಿಟ್ಟಳೆಂದರೆ ಪಿಸುಮಾತು. ಗಂಡ ತೀರಿಕೊಂಡ ಮೇಲೆ ಮನೆಗೆ ಹಿರಿಯನೆಂದು ಉಳಿದವನು ಗಂಡನ ಅಣ್ಣ ಬಸಣ್ಣ. ನಮ್ಮ ಕಡೆ ಹಳೆಯ ಮನೆಗಳಲ್ಲಿ ಭಾವನ ಎದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಸೊಸೆಯಾಗಿ ಬಂದ ದಿನದಿಂದ ಅವಳು ಬಸಣ್ಣನಿಗೆ ಹೇಳಬೇಕಾದ್ದನ್ನೆಲ್ಲ ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದಳು. ತಲೆ ತುಂಬ ಸೆರಗು ಹೊದ್ದು, ಕಂಬದ ಕಡೆ ಮುಖ ಮಾಡಿ, "ರೊಟ್ಟಿ ಆಗ್ಯಾವೆ, ಉಣ್ಣೋರು ಕೈ ತೊಳಕಳ್ಳಲಿ" ಅನ್ನುವಳು. ಬಸಣ್ಣನೂ ಕಂಬಕ್ಕೇ, "ಪಲ್ಯ ಏನೈತಂತೆ?" ಎಂದು ಕೇಳುವನು. ಮೊದಲ ಸಲ ಇದನ್ನು ಕಂಡಾಗ ನಾನು ನಗು ತಡೆಯಲಾರದೆ ಹಿತ್ತಲಿಗೆ ಓಡಿದ್ದೆ. ಬಸಣ್ಣ ಕೆಟ್ಟವನಲ್ಲ. ಆದರೆ ಓಣಿಗೆಲ್ಲ ಅವನ ಮಾತೇ ಮಾತು. ಅವನು ಹೂಂ ಅಂದರೆ ಎಲ್ಲ ಮನೆಯ ಗಂಡಸರೂ ಹೂಂ, ಊಹೂಂ ಅಂದರೆ ಊಹೂಂ.

ಓಣಿಯ ಗಂಡಸರು ವರ್ಷಕ್ಕೊಮ್ಮೆ ಮಿನಿ ಬಸ್ ಮಾಡಿಕೊಂಡು ಮಲ್ಪೆಗೆ ಹೋಗಿ, ಬೋಟಿನಲ್ಲಿ ಕೂತು ಸಮುದ್ರದ ನಡುವಿನ ದ್ವೀಪ ನೋಡಿಕೊಂಡು ಬರುತ್ತಿದ್ದರು. ಬಂದವರು ತಿಂಗಳಾನುಗಟ್ಟಲೆ ಮೊಬೈಲಿನಲ್ಲಿ ಅದೇ ವಿಡಿಯೋ ತೋರಿಸಿ ನಮ್ಮ ಹೊಟ್ಟೆ ಉರಿಸುತ್ತಿದ್ದರು. ಒಂದು ಸಂಜೆ ಗಾಡಿಯ ಮುಂದೆ ಮಂಡಕ್ಕಿ ತಿನ್ನುತ್ತಿದ್ದವನೊಬ್ಬ ಹಾಗೆ ತೋರಿಸಿದಾಗ ಹಾಲಮ್ಮಕ್ಕ, "ಹೆಂಗಸ್ರು ಹೋಗಿ ನೋಡಿದ್ರೆ ಸಮುದ್ರದಾಗೆ ನೀರು ಕಮ್ಮಿ ಆಗತೈತಾ?" ಎಂದು ಕೇಳಿದಳು. ಅವನು, "ನಿಮ್ಮನ್ನೆಲ್ಲ ಕಟ್ಟಿಕೊಂಡು ಯಾರು ಹೋಗ್ತಾರಕ್ಕ?" ಅಂದ. "ನಮ್ಮನ್ನ ಯಾರೂ ಕಟ್ಟಿಕೊಳ್ಳಾದು ಬ್ಯಾಡ. ನಾನೇ ಕರಕೊಂಡು ಹೋಗ್ತೀನಿ" ಎಂದಳು. ಅಷ್ಟೇ, ಮರುದಿನವೇ ಓಣಿಯ ಮನೆ ಮನೆಗೆ ಹೋಗಿ ಹೆಂಗಸರನ್ನು ಒಪ್ಪಿಸಿದಳು.

ಉಳಿದದ್ದು ಬಸಣ್ಣನ ಒಪ್ಪಿಗೆ. ಆ ದಿನ ಧೈರ್ಯಕ್ಕೆಂದು ನನ್ನನ್ನೂ ಜೊತೆಗೆ ಕರೆದೊಯ್ದಿದ್ದಳು. ಕಂಬಕ್ಕೆ ಎಲ್ಲವನ್ನೂ ಹೇಳಿದಳು: ಕೋಳಿ ಕೂಗುವ ಮೊದಲು ಹೊರಡುವುದು, ಆಗುಂಬೆ ಘಾಟಿ ಇಳಿಯುವುದು, ಬೋಟು, ದ್ವೀಪ, ರಾತ್ರಿ ಊಟದ ಹೊತ್ತಿಗೆ ವಾಪಸ್. ಬಸಣ್ಣ ಬಹಳ ಹೊತ್ತು ಎಲೆಗೆ ಸುಣ್ಣ ಸವರುತ್ತಾ ಕೂತಿದ್ದ. ಕೊನೆಗೆ ಕಂಬಕ್ಕೆ, "ಹೋಗಿ ಬರಲಿ. ಆದ್ರೆ ಹೋದಂಗೇ ಬರಬೇಕು. ಒಂದು ಸೇಫ್ಟಿ ಪಿನ್ನು ಕಳಕೊಂಡು ಬಂದ್ರೂ ಇದೇ ಮೊದಲು, ಇದೇ ಕೊನೆ. ಆಮ್ಯಾಲೆ ಈ ಓಣಿ ಹೆಂಗಸ್ರು ಬಸ್ಸಿನ ಸುದ್ದಿ ಎತ್ತಂಗಿಲ್ಲ" ಅಂದ. ಹೊರಗೆ ಬಂದ ಮೇಲೆ ಹಾಲಮ್ಮಕ್ಕ ನನ್ನ ಕೈ ಹಿಡಿದುಕೊಂಡಳು.

ಹೊರಟೆವು. ಸವಳಂಗ ದಾಟುವವರೆಗೆ ಎಲ್ಲರೂ ಮಾತು, ತೀರ್ಥಹಳ್ಳಿಯ ತನಕ ನಿದ್ದೆ, ಆಗುಂಬೆಯ ತಿರುವುಗಳಲ್ಲಿ ವಾಂತಿ. ಹಾಲಮ್ಮಕ್ಕ ಮುಂದಿನ ಸೀಟಿನಲ್ಲಿ ನಿಂತು ಒಬ್ಬೊಬ್ಬರಿಗೂ ನಿಂಬೆಹಣ್ಣು ಎಸೆಯುತ್ತಾ, "ಮೂಸ್ರಿ, ಮೂಸ್ರಿ, ವಾಂತಿ ಮಾಡಿದ್ರೂ ಸೀರೆ ಮ್ಯಾಲೆ ಮಾಡಿಕೊಳ್ಳಬ್ಯಾಡ್ರಿ, ಮನೆಗೆ ಹೋದ್ರೆ ಕಲೆ ಲೆಕ್ಕ ಕೇಳ್ತಾರೆ" ಎನ್ನುತ್ತಿದ್ದಳು.

ಮಲ್ಪೆಯಲ್ಲಿ ಬಸ್ಸಿಳಿದು ಸಮುದ್ರ ಕಂಡಾಗ ಯಾರೂ ಮಾತಾಡಲಿಲ್ಲ. ಹಾಲಮ್ಮಕ್ಕನೂ ಮಾತಾಡಲಿಲ್ಲ. ಅದು ನನಗೆ ಸಮುದ್ರಕ್ಕಿಂತ ದೊಡ್ಡ ಆಶ್ಚರ್ಯ.

ದ್ವೀಪಕ್ಕೆ ತಿಂಡಿ ಒಯ್ಯುವ ಹಾಗಿಲ್ಲವೆಂದರು. ರೊಟ್ಟಿ ಬುಟ್ಟಿಗಳನ್ನು ಬಸ್ಸಿನಲ್ಲೇ ಬಿಟ್ಟು ಬೋಟು ಹತ್ತಿದೆವು. ಹಾಲಮ್ಮಕ್ಕನ ತವರು ಸಾಸ್ವೆಹಳ್ಳಿ. ಹುಡುಗಿಯಾಗಿದ್ದಾಗ ಹೊಳೆ ದಾಟಲು ತೆಪ್ಪದಲ್ಲಿ ಕೂತು ಅಭ್ಯಾಸ. ತೆಪ್ಪದಲ್ಲಿ ಎಲ್ಲರೂ ತಳದಲ್ಲಿ ದುಂಡಗೆ ಕೂರಬೇಕು, ಇಲ್ಲದಿದ್ದರೆ ವಾಲುತ್ತದೆ. ಅದೇ ನೆನಪಿನಲ್ಲಿ ಅವಳು ಬೋಟಿನ ನಡುವೆ ಚಕ್ಕಳಮಕ್ಕಳ ಹಾಕಿ ಕೂತು, "ಎಲ್ಲಾರೂ ಕೆಳಗೆ ಕುಂದುರ್ರಿ, ಒಂದೇ ಕಡಿಗೆ ವಜ್ಜೆ ಹಾಕಬ್ಯಾಡ್ರಿ" ಎಂದು ಆರ್ಡರ್ ಮಾಡಿದಳು. ಹೆಂಗಸರೆಲ್ಲ ಸುತ್ತಲೂ ನೆಲಕ್ಕೆ ಕೂತೇಬಿಟ್ಟೆವು. ಬೋಟಿನವನು ಹಣೆ ಚಚ್ಚಿಕೊಂಡು, "ಬೆಂಚು ಉಂಟಲ್ಲ ಮಾರಾಯ್ರೆ, ಮೇಲೆ ಕೂತ್ಕೊಳ್ಳಿ" ಎಂದ. "ನೀನು ನಡಸಪ್ಪ, ನಮ್ಮ ಕೂರೋ ಚಿಂತೆ ನಿನಗೆ ಬ್ಯಾಡ" ಎಂದಳು ಇವಳು. ಪಾಪ, ಅವನು ನಗುತ್ತಲೇ ಆಚೆ ದಡ ಮುಟ್ಟಿಸಿದ.

ದ್ವೀಪದಲ್ಲಿ ಕಪ್ಪು ಕಲ್ಲಿನ ಕಂಬಗಳು ಸೌದೆ ಒಟ್ಟಿದ ಹಾಗೆ ಒತ್ತೊತ್ತಾಗಿ ನಿಂತಿದ್ದವು. ಮರಳಿಗಿಂತ ಚಿಪ್ಪೇ ಹೆಚ್ಚು. ಒಂದು ಕಡೆ ಅಲೆ ಬಡಿಯುತ್ತಿದ್ದರೆ ಇನ್ನೊಂದು ಕಡೆ ಬಂಡೆಗಳ ನಡುವೆ ಸಮುದ್ರದ ನೀರು ಕೆರೆಯಂತೆ ಸುಮ್ಮನೆ ನಿಂತಿತ್ತು. ತಳದ ಕಲ್ಲು, ಓಡಾಡುವ ಮೀನಿನ ಮರಿ, ಎಲ್ಲ ಕಾಣುವಷ್ಟು ತಿಳಿ. ಅಲೆ ಕಂಡು ಹೆದರಿದ್ದ ನಮಗೆ ಅದು ನಮ್ಮೂರಿನ ನೀರು ಅನ್ನಿಸಿತು. ಗಂಗಮ್ಮನನ್ನು ಚಪ್ಪಲಿ ಕಾಲಲ್ಲಿ ಮುಟ್ಟುವುದುಂಟೇ? ಹೊನ್ನಾಳಿಯಲ್ಲಿ ತುಂಗಭದ್ರೆಯ ದಡದಲ್ಲಿ ಬಿಡುವಂತೆ ಎಲ್ಲರೂ ನೀರಂಚಿಗೆ ಚಪ್ಪಲಿ ಬಿಟ್ಟೆವು. ಹಾಲಮ್ಮಕ್ಕ ಅವನ್ನು ಸಾಲಾಗಿ ಜೋಡಿಸಿಟ್ಟಳು, ಕಳೆದುಹೋಗಬಾರದು ನೋಡಿ. ಅರಿಶಿನ ಕುಂಕುಮ ಹಾಕಿ ಕೈಮುಗಿದು, ಸೀರೆ ಎತ್ತಿ ಕಟ್ಟಿ ಇಳಿದೆವು.

ಆ ಹೊತ್ತನ್ನು ಹೇಗೆ ಹೇಳಲಿ. ಮನೆಯಲ್ಲಿ ಎತ್ತರದ ದನಿ ತೆಗೆಯದವರೆಲ್ಲ ಕಿರುಚಿದರು. ಎಪ್ಪತ್ತು ದಾಟಿದ ಗೌರಜ್ಜಿ ಕೂತಲ್ಲೇ ನೀರು ಚಿಮ್ಮಿಸುತ್ತಾ ಎಲ್ಲರ ಮುಖಕ್ಕೂ ಎರಚಿತು. ಹಾಲಮ್ಮಕ್ಕ ಕುತ್ತಿಗೆಯವರೆಗೆ ಮುಳುಗಿ ಕೂತು, ಕಣ್ಣು ಮುಚ್ಚಿ, ತುಟಿಗೆ ತಾಗಿದ ನೀರು ನೆಕ್ಕಿ, ನನ್ನನ್ನು ಕೂಗಿ, "ಶಾಂತೀ, ಉಪ್ಪು ಸ್ವಲ್ಪ ಜಾಸ್ತಿ ಆಗೈತೆ ಕಣೇ" ಎಂದಳು. ನಾನು ಅಷ್ಟು ನಕ್ಕಿದ್ದು ಮದುವೆಯಾದ ಮೇಲೆ ಅದೇ ಮೊದಲು.

ಕಾವಲಿನವನು ಸೀಟಿ ಊದಿ ಬೋಟಿಗೆ ಕರೆದಾಗ ಎದ್ದು ತಿರುಗಿದೆವು. ಚಪ್ಪಲಿಗಳಿರಲಿಲ್ಲ. ಸಾಲು ಇದ್ದ ಜಾಗದಲ್ಲಿ ಮೊಣಕಾಲುದ್ದ ನೀರಿತ್ತು. ಹೊಳೆಯ ನೀರು ದಿನವಿಡೀ ಒಂದೇ ಮಟ್ಟದಲ್ಲಿ ಇರುತ್ತದೆ. ಸಮುದ್ರ ಹೊತ್ತು ನೋಡಿ ಮೇಲೆ ಏರುತ್ತದೆಂದು ಬಯಲುಸೀಮೆಯ ನಮಗೆ ಯಾರು ಹೇಳಿಕೊಟ್ಟಿದ್ದರು? ಬಂಡೆಯ ಸಂದಿನಲ್ಲಿ ಒಂದೆರಡು ಸಿಕ್ಕವು, ಅವೂ ಜೊತೆಯಲ್ಲದವು. ಮಿಕ್ಕವು ದೂರದಲ್ಲಿ ಅಲೆಯ ಮೇಲೆ ಏಳುತ್ತಾ ಬೀಳುತ್ತಾ ಹೋಗುತ್ತಿದ್ದವು. ಚಿಪ್ಪು ಚುಚ್ಚುವ ಕಾಲಲ್ಲಿ ಕುಪ್ಪಳಿಸುತ್ತಾ ಬೋಟು ಸೇರಿದೆವು. ಎಲ್ಲರಿಗಿಂತ ಜಾಸ್ತಿ ನಕ್ಕವಳು ಹಾಲಮ್ಮಕ್ಕನೇ.

ನಗು ನಿಂತದ್ದು ವಾಪಸ್ ಬಸ್ಸಿನಲ್ಲಿ. ಯಾರೋ ಮೆಲ್ಲಗೆ, "ಒಂದು ಪಿನ್ನು ಅಂದಿದ್ರು ಬಸಣ್ಣ" ಅಂದರು. ಬಸ್ಸು ತಣ್ಣಗಾಯಿತು. ಬರಿಗಾಲಲ್ಲಿ ಓಣಿಗೆ ಕಾಲಿಟ್ಟರೆ ಆಯಿತು ಕಥೆ. ಘಾಟಿ ಹತ್ತುವಾಗ ಗೌರಜ್ಜಿಯೇ ಉಪಾಯ ಹೇಳಿತು: "ದಾರಿಯಾಗೆ ಯಾವುದೋ ಗುಡಿಗೆ ಹೋಗಿದ್ವಿ, ಹೊರಗೆ ಬಿಟ್ಟಿದ್ದ ಚಪ್ಪಲಿ ಕಳ್ರು ಒಯ್ದರು ಅನ್ನಾಣ. ದೇವ್ರ ಹೆಸರು ಹೇಳಿದ್ರೆ ಗಂಡಸ್ರು ಬಾಯಿ ಮುಚ್ಚತಾರೆ." ಎಲ್ಲರಿಗೂ ಜೀವ ಬಂತು. ಯಾರು ಏನು ಹೇಳಬೇಕೆಂದು ತಾಲೀಮು ಶುರುವಾಯಿತು. ಹಾಲಮ್ಮಕ್ಕ ಮಾತ್ರ ಮುಂದಿನ ಸೀಟಿನಲ್ಲಿ ಹೊರಗೆ ನೋಡುತ್ತಾ ಕೂತಿದ್ದಳು. ನಾನು ಹೋಗಿ ಪಕ್ಕ ಕೂತೆ. "ಸಮುದ್ರ ನೋಡಿ ಬಂದೂ ಸುಳ್ಳು ಹೇಳಬೇಕೇನೇ?" ಎಂದಳು.

ಊಟದ ಹೊತ್ತಿಗೆ ಸರಿಯಾಗಿ ಊರು ಸೇರಿದೆವು. ಓಣಿಯ ತಿರುವಿನಲ್ಲಿ ಗಂಡಸರೆಲ್ಲ ನಿಂತಿದ್ದರು, ಮುಂದೆ ಬಸಣ್ಣ. ನಾವು ಒಬ್ಬೊಬ್ಬರಾಗಿ ಇಳಿದಂತೆ ಬೀದಿದೀಪದ ಬೆಳಕಿನಲ್ಲಿ ಎಲ್ಲರ ಕಣ್ಣೂ ನಮ್ಮ ಕಾಲಿಗೆ ಹೋಯಿತು. ಬಸಣ್ಣ ಪಕ್ಕದ ಲೈಟ್ ಕಂಬದ ಕಡೆ ತಿರುಗಿ, "ಚಪ್ಪಲಿ ಎಲ್ಲಿ ಅಂತ ಕೇಳ್ರಿ" ಅಂದ.

ಗೌರಜ್ಜಿ ಗುಡಿಯ ಕಥೆಗೆಂದು ಬಾಯಿ ತೆರೆದಿತ್ತು. ಅಷ್ಟರಲ್ಲಿ ಹಾಲಮ್ಮಕ್ಕ ಮುಂದೆ ಬಂದಳು. ಸೆರಗು ಹೆಗಲ ಮೇಲಿತ್ತು, ತಲೆಯ ಮೇಲಿರಲಿಲ್ಲ. ಕಂಬದ ಕಡೆ ನೋಡಲಿಲ್ಲ. ಭಾವನ ಮುಖವನ್ನೇ ನೋಡುತ್ತಾ, ಬಸ್ ನಿಲ್ಲಿಸುವ ಅದೇ ದನಿಯಲ್ಲಿ ಹೇಳಿದಳು.

"ಚಪ್ಪಲಿ ಸಮುದ್ರದಾಗೆ ಹೋದವು ಭಾವ. ನೀರಂಚಿಗೆ ಇಟ್ಟಿದ್ವಿ, ನೀರು ಏರಿ ಬಂತು, ನಮಗೆ ಗೊತ್ತಿರಲಿಲ್ಲ. ತಪ್ಪು ನಮ್ಮದೇ. ಆದ್ರೆ ಹೆಂಗಸ್ರು ಒಬ್ಬರೂ ಕಳದಿಲ್ಲ, ಎಣಿಸಿಕೊಳ್ರಿ. ಊಟದ ಹೊತ್ತಿಗೆ ಬರ್ತೀವಿ ಅಂದಿದ್ವಿ, ಬಂದೀವಿ. ಬರೋ ವರ್ಷ ಮತ್ತೆ ಹೋಗ್ತೀವಿ. ಚಪ್ಪಲಿ ಮ್ಯಾಲೆ ಇಡ್ತೀವಿ."

ಬಸಣ್ಣ ಆ ಕಡೆ ಈ ಕಡೆ ನೋಡಿದ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದು ಅವನೂ ಅವಳ ಮುಖವನ್ನು ಸರಿಯಾಗಿ ನೋಡಿರಲಿಲ್ಲವೇನೋ, ಬಹಳ ಹೊತ್ತು ನೋಡಿದ. ಆಮೇಲೆ, ಕಂಬಕ್ಕಲ್ಲ, ಅವಳಿಗೇ ಕೇಳಿದ: "ನೀರು ಅಷ್ಟು ಮೇಲಕ್ಕೆ ಬರ್ತೈತಾ, ಹಾಲಮ್ಮ?"

"ಬರ್ತೈತೆ ಭಾವ. ಮೊಣಕಾಲ ತನಕ" ಎಂದಳು.

ಗಂಡಸರು ನಾಲ್ಕಾರು ಸಲ ಹೋಗಿದ್ದರೂ ಅದನ್ನು ನೋಡಿರಲಿಲ್ಲ. ಅವರು ಬೋಟಿಳಿದು ಫೋಟೋ ತೆಗೆಸಿಕೊಂಡು ಅದೇ ಬೋಟಿಗೆ ವಾಪಸಾಗುವವರು. ಬಸಣ್ಣ ಅಲ್ಲೇ ಜಗಲಿಯ ಮೇಲೆ ಕೂತು ಒಂದೊಂದನ್ನೇ ಕೇಳತೊಡಗಿದ, ಅವಳು ಬೀದಿಯಲ್ಲಿ ನಿಂತು ಕೈ ಮಾಡಿ ಮಾಡಿ ಹೇಳತೊಡಗಿದಳು. ಯಾರೂ ಊಟಕ್ಕೆ ಏಳಲಿಲ್ಲ. ಗೌರಜ್ಜಿ ನನ್ನ ಕಿವಿಯಲ್ಲಿ, "ಗೆದ್ದಳು ಬಿಡೇ ಮುಂಡೇದು" ಎಂದು ಕಣ್ಣೊರೆಸಿಕೊಂಡಿತು.

ಮರುವರ್ಷ ಬಸ್ಸು ಗೊತ್ತು ಮಾಡಿದವನು ಬಸಣ್ಣನೇ. ಅದರ ಮುಂದಿನ ವರ್ಷ ಸವಳಂಗದ ಹೆಂಗಸರು ಸೇರಿಕೊಂಡರು. ಸಂತೇಬೆನ್ನೂರಿಗೆ ಮದುವೆಯಾಗಿ ಹೋದ ನಮ್ಮೋಣಿಯ ಹುಡುಗಿ ಅಲ್ಲಿಂದಲೇ ಬೇರೆ ಬಸ್ಸು ಹೊರಡಿಸಿದಳು. ಹಾಲಮ್ಮಕ್ಕ ಮಂಡಕ್ಕಿ ಗಾಡಿಯಲ್ಲಿ ಕೂತೇ ಎಲ್ಲರಿಗೂ ಹೇಳಿಕೊಡುವಳು, ಯಾವ ತಿಂಗಳು ಹೋಗಬೇಕು, ಬೋಟಿನಲ್ಲಿ ಎಲ್ಲಿ ಕೂರಬೇಕು. ನೆಲಕ್ಕೇ ಕೂರಬೇಕೆಂಬ ಹಟವನ್ನು ಮಾತ್ರ ಕೊನೆಯವರೆಗೂ ಬಿಡಲಿಲ್ಲ.

ಹೋದ ಮಳೆಗಾಲದಲ್ಲಿ ಹಾಲಮ್ಮಕ್ಕ ತೀರಿಕೊಂಡಳು. ಎರಡು ದಿನ ಜ್ವರ, ಮೂರನೆಯ ದಿನ ಇಲ್ಲ. ಬಸಣ್ಣ ಮಗುವಿನಂತೆ ಅತ್ತ. ಸರ್ಕಲ್ಲಿನಲ್ಲಿ ಈಗಲೂ ಯಾರಾದರೂ ಬಸ್ಸಿನ ಹಿಂದೆ ಓಡುತ್ತಾರೆ, ಬಸ್ಸು ಹೋಗಿಬಿಡುತ್ತದೆ. ನಾನು ಮಷಿನ್ ನಿಲ್ಲಿಸಿ ನೋಡುತ್ತೇನೆ.

ಈ ವರ್ಷವೂ ಬಸ್ಸು ಹೊರಟಿತು. ನನ್ನ ಪಕ್ಕದಲ್ಲಿ ಕವಿತಾ ಕೂತಿದ್ದಳು, ನಮ್ಮ ಓಣಿಗೆ ಈಚೆಗೆ ಸೊಸೆಯಾಗಿ ಬಂದ ಜಗಳೂರಿನ ಹುಡುಗಿ. ರೂಢಿಯ ಮೇಲೆ ಕೇಳಿದೆ, "ಮನೇಲಿ ಏನಂದ್ರು?"

"ಯಾವುದಕ್ಕಕ್ಕ?"

"ಹೋಗ್ತೀನಿ ಅಂತ ಕೇಳಿದ್ದಕ್ಕೆ."

ಅವಳಿಗೆ ಅರ್ಥವಾಗಲಿಲ್ಲ. ಹುಬ್ಬು ಗಂಟು ಹಾಕಿ ನನ್ನ ಮುಖ ನೋಡಿದಳು. "ಹೋಗಿ ಬರ್ತೀನಿ ಅಂತ ಹೇಳಿ ಬಂದೆ. ಕೇಳಬೇಕಿತ್ತೇನು?"

"ಬ್ಯಾಡ ಕಣವ್ವ" ಎಂದೆ. "ನಮ್ಮೆಲ್ಲಾರ ಪಾಲಿಂದೂ ಒಬ್ಬಾಕಿ ಕೇಳಿ ಮುಗಿಸ್ಯಾಳೆ."