ಬಾಂಬರ್ ವಿಮಾನದೊಳಗೆ ಟೈಲರ್ ಮಾವ

ಅವರ ಎಡಗೈ ತೋರುಬೆರಳಿನ ಉಗುರಿನ ನಟ್ಟನಡುವೆ ಒಂದು ಕಪ್ಪು ಚುಕ್ಕೆಯಿತ್ತು. ಯಾವಾಗಲೋ ಮಿಷನ್ನಿನ ಸೂಜಿ ಉಗುರು ತೂರಿ ಆಚೆ ಬಂದಿತ್ತಂತೆ. "ಬೆರಳು ಬಿಡಿಸ್ಕೊಂಡು ಮೊದ್ಲು ಬಟ್ಟೆಗೆ ರಕ್ತ ಆಯ್ತಾ ಅಂತ ನೋಡ್ದೆ ಕಣಯ್ಯಾ, ಗಿರಾಕಿದು ಬಿಳೀ ಜುಬ್ಬ" ಎನ್ನುತ್ತಿದ್ದರು. ಚಾಮರಾಜಪೇಟೆಯಲ್ಲಿ ನಮ್ಮ ವಠಾರದ ಬಾಗಿಲಿಗೆ ಅಂಟಿಕೊಂಡಂತೆ ಅವರ ಅಂಗಡಿ, ಅದರ ಹಿಂದೆಯೇ ಮನೆ. ವಠಾರಕ್ಕೆಲ್ಲ ಅವರು ಟೈಲರ್ ಮಾವ.

ಟೇಪು ಸದಾ ಕುತ್ತಿಗೆಯಲ್ಲಿ ನೇತಾಡುತ್ತಿತ್ತು, ಆದರೆ ಅದು ಗಿರಾಕಿಗಳ ಸಮಾಧಾನಕ್ಕೆ. ಮನುಷ್ಯ ಮೆಟ್ಟಿಲು ಹತ್ತುವಷ್ಟರಲ್ಲಿ ಮಾವನ ಕಣ್ಣು ಎದೆ, ಭುಜ, ತೋಳು ಮೂರನ್ನೂ ಅಳೆದು ಮುಗಿಸಿರುತ್ತಿತ್ತು. ನನಗೆ ವಿಮಾನದ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಸಿಕ್ಕಿದ ದಿನ ಖಾಕಿ ಬಟ್ಟೆ ಹಿಡಿದುಕೊಂಡು ಹೋದರೆ, ಒಮ್ಮೆ ನೋಡಿ, "ಮೂವತ್ತೆರಡು. ನಿಮ್ಮಮ್ಮನಿಗೆ ಹೇಳು, ಮೂವತ್ತನಾಲ್ಕು ಇಟ್ಟು ಹೊಲೀತೀನಿ, ತುಂಬ್ಸೋ ಜವಾಬ್ದಾರಿ ಅವರದು" ಎಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನನಗೆ ಸಿಟ್ಟು ಬಂದಿತ್ತು. ಅವರು ಹೇಳಿದ್ದು ಸುಳ್ಳಾಗಿರಲಿಲ್ಲ ಅನ್ನುವುದು ಬೇರೆ ಮಾತು.

ಅವರಿಗೆ ಒಬ್ಬನೇ ಮಗ. ಯುದ್ಧದ ಕಾಲದಲ್ಲಿ ವಾಯುಪಡೆ ಸೇರಿದ. ನಾಲ್ಕು ಇಂಜಿನ್ನಿನ ದೊಡ್ಡ ಬಾಂಬರು, ಅದರ ಬಾಲದ ತುದಿಯಲ್ಲಿ ಬಂದೂಕಿನ ಹಿಂದೆ ಕೂರುವುದು ನನ್ನ ಕೆಲಸ ಅಂತ ಕಾಗದ ಬರೆಯುತ್ತಿದ್ದ. ಯುದ್ಧ ಮುಗಿಯುವ ವರ್ಷ ತಂತಿ ಬಂತು. ವಿಮಾನ ಬರ್ಮಾ ಕಡೆ ಹೋಗಿದ್ದು ವಾಪಸ್ಸು ಬಂದಿಲ್ಲ, ನಿಮ್ಮ ಮಗ ಕಾಣೆಯಾಗಿದ್ದಾನೆ. ಮದುವೆಯಾಗಿ ಒಂದು ವರ್ಷವೂ ತುಂಬಿರಲಿಲ್ಲ. ಸೊಸೆ ತವರಿಗೆ ಹೋಗದೆ ಮಾವನ ಜೊತೆಯೇ ಉಳಿದಳು. ಅಂಗಡಿಯ ಒಳಬದಿ ಕೂತು ಗುಂಡಿ ತೂತಿನ ಕಾಜಾ ಹೊಲಿಯುತ್ತಿದ್ದಳು. ಹಣೆಗೆ ಕಾಸಿನಗಲ ಕುಂಕುಮ.

"ಕಾಣೆ ಅಂತಾನೇ ತಾನೇ ಬರ್ದಿರೋದು? ಕೊಡೆ ಬಿಚ್ಕೊಂಡು ಹಾರಿರ್ತಾನೆ. ಆ ಕಾಡಿಂದ ಬರೋಕೆ ಟೈಮು ಹಿಡಿಯುತ್ತೆ" ಎನ್ನುತ್ತಿದ್ದರು ಮಾವ. ಪ್ಯಾರಾಚೂಟಿಗೆ ಅವರು ಕೊಡೆ ಅಂತಲೇ ಅನ್ನುತ್ತಿದ್ದದ್ದು. ಪ್ರತಿ ದೀಪಾವಳಿಗೆ ಮಗನಿಗೆ ಒಂದು ಶರ್ಟು ಹೊಲಿದಿಡುತ್ತಿದ್ದರು. ವರ್ಷ ಹೋದ ಹಾಗೆ ಹೊಟ್ಟೆಯ ಹತ್ತಿರ ಅರ್ಧ ಅರ್ಧ ಇಂಚು ಜಾಸ್ತಿ. "ಮೂವತ್ತು ದಾಟ್ತಲ್ಲ, ಸ್ವಲ್ಪ ಮೈ ಬಂದಿರುತ್ತೆ."

ಹೀಗೆ ಹನ್ನೆರಡು ವರ್ಷ ತುಂಬುತ್ತ ಬಂತು. ಕಾಣೆಯಾದವನಿಗೆ ಹನ್ನೆರಡು ವರ್ಷ ಕಾಯಬೇಕು, ಆಮೇಲೆ ದರ್ಭೆಯಲ್ಲಿ ಆಳಿನ ಬೊಂಬೆ ಮಾಡಿ ಸುಟ್ಟು ಕರ್ಮ ಮುಗಿಸಬೇಕು, ಇಲ್ಲದಿದ್ದರೆ ಅವನಿಗೆ ಗತಿಯಿಲ್ಲ ಅಂತ ಪುರೋಹಿತರು ಬೆನ್ನು ಹತ್ತಿದರು. ನೆಂಟರೂ ಶುರುಮಾಡಿದರು. ಮಾವ ಕೆರಳಿ ಕತ್ತರಿಯನ್ನು ಮೇಜಿಗೆ ಕುಕ್ಕಿದರು. "ಬದುಕಿರೋನನ್ನ ಸುಡೋಕೆ ನಾನೇನು ಕಟುಕನೇನ್ರೀ?"

ಇಲ್ಲಿ ಬಾಯಿ ಹಾಕಿದವನು ನಾನು. ಆಗಲೂ ಬಾಯಿಬಡುಕ, ಈಗಲೂ ಅಷ್ಟೇ. ಯುದ್ಧ ಮುಗಿದ ಮೇಲೆ ಬಿಳಿಯರು ಬಿಟ್ಟುಹೋದ ಬಾಂಬರುಗಳನ್ನು ನಮ್ಮ ಕಾರ್ಖಾನೆಯಲ್ಲಿ ರಿಪೇರಿ ಮಾಡುತ್ತಿದ್ದರು. ಹಾರಲಾರದ ಒಂದನ್ನು ಬಣ್ಣ ಬಳಿದು, ಬಂದವರಿಗೆ ತೋರಿಸಲು ಅಂಗಳದಲ್ಲಿ ನಿಲ್ಲಿಸಿದ್ದರು. "ಅದೂ ನಾಲ್ಕು ಇಂಜಿನ್ನಿಂದೇ ಮಾವ. ಬಾಲದಲ್ಲಿ ಬಂದೂಕಿನ ಗೂಡಿದೆ" ಎಂದು ಜಂಬ ಕೊಚ್ಚಿಕೊಂಡೆ.

ಮಾವನ ಮುಖ ಅರಳಿತು. "ಕರ್ಕೊಂಡು ಹೋಗಯ್ಯಾ. ಎಲ್ಲಿಂದ ಹಾರಿದ ಅಂತ ಕಣ್ಣಾರೆ ನೋಡ್ಬಿಡ್ತೀನಿ. ಪುರೋಹಿತರ ಬಾಯಿ ಮುಚ್ಚಿಸ್ಬೇಕು."

ಆಯುಧಪೂಜೆಯ ದಿನ ಮನೆಯವರನ್ನು ಒಳಗೆ ಬಿಡುತ್ತಿದ್ದರು. ಮಾವ ಗಂಜಿ ಹಾಕಿದ ಪಂಚೆ, ಕರೀ ಕೋಟು, ಟೋಪಿ ತೊಟ್ಟು ಬಂದರು. ಲೇತ್ ಮಿಷನ್ನುಗಳಿಗೆಲ್ಲ ಚೆಂಡುಹೂವು. ಬಾಂಬರಿನ ಮೂತಿಗೂ ಒಂದು ಹಾರ, ಚಕ್ರದ ಮುಂದೆ ಒಡೆದ ಬೂದುಗುಂಬಳಕಾಯಿ. ಕೈಗೆ ಕಡಲೆಪುರಿ ಪೊಟ್ಟಣ ಕೊಟ್ಟರು. ಅವರು ಅದನ್ನು ಜೇಬಿಗಿಳಿಸಿ, ಪಂಚೆ ಎತ್ತಿ ಕಟ್ಟಿ, "ನಡಿ" ಎಂದರು.

ವಿಮಾನದ ಹೊಟ್ಟೆಯ ಕೆಳಗಿಂದ ಹತ್ತಿಸಿದೆ. ಬಿಸಿಲಿಗೆ ತಗಡು ಕಾದು ಒಳಗೆ ಬೇಯುತ್ತಿತ್ತು, ಹಳೇ ಎಣ್ಣೆಯ ವಾಸನೆ ಬೇರೆ. ಬಾಂಬು ನೇತುಹಾಕುವ ಚೌಕಟ್ಟುಗಳ ನಡುವೆ ಪಾದದಗಲದ ಹಲಗೆ, ಅದರ ಮೇಲೇ ನಡೆಯಬೇಕು.

"ನೆಟ್ಟಗೆ ನಿಲ್ಲೋ ಜಾಗಾನೇ ಇಲ್ವೇನಯ್ಯಾ? ನನ್ ಮಗ ಆರಡಿ ಹತ್ರ ಇದ್ದ."

"ಬಗ್ಗಿಕೊಂಡೇ ಬನ್ನಿ ಮಾವ, ತಲೆ ಹುಷಾರು."

ಹಿಂಭಾಗದಲ್ಲಿ ನೆಲಕ್ಕೊಂದು ಮುಚ್ಚಳವಿತ್ತು. ಎತ್ತಿ ತೋರಿಸಿದೆ. "ಹಾರೋದು ಇಲ್ಲಿಂದ." ಮಾವ ಮಂಡಿಯೂರಿ ಇಣುಕಿದರು. ಕೆಳಗೆ ಅಂಗಳದ ಹುಲ್ಲು ಕಾಣುತ್ತಿತ್ತು. "ನೋಡ್ದ್ಯಾ! ಎಷ್ಟಗಲ ಇದೆ! ನಾನು ಬಡ್ಕೊಳ್ತಿರ್ಲಿಲ್ವಾ?" ಎಂದು ನನ್ನ ಬೆನ್ನಿಗೆ ಗುದ್ದಿದರು. ಕಣ್ಣಲ್ಲಿ ನೀರು.

ಅಯ್ಯೋ, ಅಲ್ಲಿಗೇ ಇಳಿಸಿಬಿಡಬೇಕಿತ್ತು. "ಅವನು ಕೂರ್ತಿದ್ದ ಜಾಗ ಯಾವ್ದು?" ಎಂದು ಕೇಳಿದರು. ನಾನು ದೊಡ್ಡ ಬುದ್ಧಿವಂತನ ಹಾಗೆ ಬಾಲದ ಕಡೆ ಕರೆದುಕೊಂಡು ಹೋದೆ.

ಕೊನೆಗೆ ತೆವಳಿಯೇ ಹೋಗಬೇಕು. ತುದಿಯಲ್ಲಿ ಗಾಜಿನ ಗೂಡು, ಒಂದು ಸೀಟು, ಬೆನ್ನ ಹಿಂದೆ ಕಿರುಬಾಗಿಲು. ಮಾವ ನುಸುಳಿ ಕೂತರು. ಬಡಕಲು ಆಳು ಅವರು, ಆದರೂ ಮೊಣಕಾಲು ಎದೆಗೆ ತಾಗಿತು.

"ಕೊಡೆ ಎಲ್ಲಿಡ್ತಾರೆ?"

"ಒಳಗೆ ಅದಕ್ಕೆ ಜಾಗ ಇಲ್ಲ ಮಾವ. ಬಾಗಿಲಾಚೆ ಈ ಕೊಕ್ಕೆಗೆ ಹಾಕಿರ್ತಾರೆ. ಬಾಗಿಲು ತೆಕ್ಕೊಂಡು ಬಂದು, ಕಟ್ಕೊಂಡು, ಆಮೇಲೆ ಆ ಮುಚ್ಚಳಕ್ಕೆ ಹೋಗ್ಬೇಕು."

ಹೇಳಿ ಮುಗಿಸುವಷ್ಟರಲ್ಲಿ ನನಗೇ ಕೇಳಿಸಿತು ನಾನೇನು ಹೇಳುತ್ತಿದ್ದೇನೆ ಅಂತ.

ಮಾವ ಕೋಟಿನೊಳಗಿಂದ ಟೇಪು ಎಳೆದರು. ಬಾಗಿಲಿನ ಅಗಲಕ್ಕೆ ಹಿಡಿದರು. ಇನ್ನೊಮ್ಮೆ ಹಿಡಿದರು. ಕಣ್ಣಳತೆಯ ಮನುಷ್ಯ ಎರಡು ಸಲ ಟೇಪು ಹಿಡಿದದ್ದನ್ನು ನಾನು ನೋಡಿದ್ದು ಅದೊಂದೇ ಬಾರಿ.

"ಅವನ ಭುಜ ಹತ್ತೊಂಬತ್ತು" ಎಂದರು.

"ಅಡ್ಡ ತಿರುಗಿ ಬರ್ತಾರೆ ಮಾವ. ಅಭ್ಯಾಸ ಮಾಡ್ಸಿರ್ತಾರೆ."

"ಕೋಟು?"

"ಕೋಟು ತೆಳ್ಳಗೇ ಇರುತ್ತೆ."

"ಇಲ್ಲಪ್ಪ. ಕೊನೇ ಸಲ ರಜಕ್ಕೆ ಬಂದಾಗ, ಮೇಲೆ ಪ್ರಾಣ ಹೋಗೋ ಚಳಿ ಅಪ್ಪಾ ಅಂದ. ನಾನೇ ಒಳಗೆ ಕಂಬಳಿ ಲೈನಿಂಗ್ ಕೊಟ್ಟೆ. ಒಂದು ಸಾಲ್ದು ಅಂತ ಎರಡು ಪದರ. ಬ್ಯಾಡ ಬ್ಯಾಡ, ಕೈ ಎತ್ತೋಕಾಗಲ್ಲ ಅಂದ. ಬಯ್ದು ಹಾಕಿಸ್ದೆ."

ಅವರು ಅಡ್ಡ ತಿರುಗಿದರು, ಸಿಕ್ಕಿಕೊಂಡರು, ಮತ್ತೆ ತಿರುಗಿದರು. ಕೋಟಿನ ಗುಂಡಿಯೊಂದು ಕಿತ್ತು ಎಲ್ಲೋ ಬಿತ್ತು. ಹೊರಗೆ ಬಂದು ಏದುಸಿರು ಬಿಡುತ್ತ, "ಬೆಂಕಿ ಹತ್ತಿದ್ರೆ ಎಷ್ಟು ಹೊತ್ತು ಸಿಗುತ್ತೆ?" ಎಂದು ಕೇಳಿದರು. ನನಗೆ ಗೊತ್ತಿತ್ತು, ಕಾರ್ಖಾನೆಯಲ್ಲಿ ಎಲ್ಲರೂ ಆಡಿಕೊಳ್ಳುವ ಮಾತು. ಗೊತ್ತಿಲ್ಲ ಎಂದೆ. ಅವರು ನನ್ನ ಮುಖ ನೋಡಿ ತಲೆಯಾಡಿಸಿದರು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ, "ಪುರೋಹಿತರಿಗೆ ಹೇಳಿಕಳ್ಸಮ್ಮಾ" ಎಂದರು. ಸೊಸೆ ಕಾಜಾ ಹೊಲಿಯುತ್ತಿದ್ದವಳು ಸೂಜಿ ಹಿಡಿದುಕೊಂಡೇ ಎದ್ದುನಿಂತಳು. ಮಾವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಆವತ್ತಿನಿಂದ ಆಕೆ ನನ್ನ ಜೊತೆ ಮಾತಾಡಲಿಲ್ಲ. ಯಾಕೆ ಆಡಬೇಕು?

ಶ್ರೀರಂಗಪಟ್ಟಣದ ಹೊಳೆಯ ದಡದಲ್ಲಿ ಕರ್ಮ ನಡೆಯಿತು. ದರ್ಭೆಯ ಆಳಿಗೆ ಹೊದಿಸಲು ಮಾವ ಆ ವರ್ಷದ ಹೊಸ ಶರ್ಟು ತಂದಿದ್ದರು. ಹೊಲಿದ ಬಟ್ಟೆ ಶಾಸ್ತ್ರಕ್ಕೆ ಬರುವುದಿಲ್ಲ ಎಂದರು ಪುರೋಹಿತರು. ಮಾವ ವಾದ ಮಾಡಲಿಲ್ಲ. ಮೆಟ್ಟಿಲ ಮೇಲೆ ಕೂತು ಬ್ಲೇಡಿನಲ್ಲಿ ಒಂದೊಂದೇ ಹೊಲಿಗೆ ಬಿಚ್ಚಿದರು. ತೋಳು ಬೇರೆ, ಕಾಲರು ಬೇರೆ, ಬೆನ್ನು ಬೇರೆ. ಅಷ್ಟೂ ಹೊತ್ತು ಪುರೋಹಿತರು ಕಾದರು.

ಆಮೇಲೆ ಮಾವ ಎರಡು ವರ್ಷವೂ ಇರಲಿಲ್ಲ. ಅಂಗಡಿ ತೆಗೆಯುತ್ತಿದ್ದರು, ಗಿರಾಕಿಗಳು ಕಮ್ಮಿಯಾದರು, ತೋಳು ಉದ್ದ ಗಿಡ್ಡ ಆಗುತ್ತೆ ಅಂತ ದೂರು. ಹಾಸಿಗೆ ಹಿಡಿದಾಗ ಒಂದು ಮಧ್ಯಾಹ್ನ ಹೋಗಿ ಪಕ್ಕದಲ್ಲಿ ಕೂತೆ. "ತಪ್ಪಾಯ್ತು ಮಾವ. ನಾನು ನಿಮ್ಮನ್ನ ಅಲ್ಲಿಗೆ ಕರ್ಕೊಂಡು ಹೋಗ್ಬಾರ್ದಾಗಿತ್ತು."

ಅವರು ಬೈಯಲಿಲ್ಲ. ಬೈದಿದ್ದರೆ ಇಷ್ಟು ವರ್ಷ ಹೊತ್ತುಕೊಂಡು ತಿರುಗುತ್ತಿರಲಿಲ್ಲವೇನೋ.

"ನೀನೇನು ಮಾಡ್ತೀಯಪ್ಪ, ಕೇಳಿದ್ದು ನಾನು. ಇದ್ದಿದ್ದನ್ನ ತೋರಿಸ್ದೆ" ಎಂದರು. ಗೋಡೆಯ ಕಡೆ ತಿರುಗಿಕೊಂಡರು. ನಿದ್ದೆ ಹೋದರು ಅಂದುಕೊಂಡು ನಾನು ಏಳುವಾಗ ಆ ಕಡೆಯಿಂದಲೇ ಅಂದರು:

"ಆದ್ರೂ ಕಾಯ್ತಾ ಇದ್ದಾಗ ಎಷ್ಟು ಚೆನ್ನಾಗಿತ್ತಯ್ಯಾ."