ತಂತಿಯಮ್ಮ ಮಾಡಿದ ಕಾವಲು ಡಬ್ಬಿ

ಬೀದಿಯವರೆಲ್ಲ ಅವಳನ್ನು ತಂತಿಯಮ್ಮ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಮನೆಯವರಿಗೂ ಮರೆತುಹೋಗುವ ಹಾಗಿತ್ತು. ಕನ್ನಡಕದ ಅಂಗಡಿಯ ಹಿಂಬದಿಯಲ್ಲಿ ಕೂತು ಗಾಜನ್ನು ಚೌಕಟ್ಟಿನ ಅಳತೆಗೆ ಉಜ್ಜುವುದು ಅವಳ ಹೊಟ್ಟೆಪಾಡು. ಆದರೆ ಜೀವವೆಲ್ಲ ಇದ್ದದ್ದು ಮನೆಯ ಕಿಟಕಿ ಪಕ್ಕದ ಮೇಜಿನ ಮೇಲೆ. ಅಲ್ಲಿ ಬಣ್ಣಬಣ್ಣದ ತಂತಿಗಳು, ಬೆಸುಗೆ ಹಾಕುವ ಕಡ್ಡಿ, ಹಳೆಯ ರೇಡಿಯೋಗಳ ಕರುಳು, ಇವೆಲ್ಲದರ ನಡುವೆ ಹೆಬ್ಬೆರಳಿನಷ್ಟು ದೊಡ್ಡದಾದ ಮೈಕ್ರೋಕಂಟ್ರೋಲರ್ ಬೋರ್ಡುಗಳು. ನಾವು ಬರೆದುಕೊಟ್ಟ ನಾಲ್ಕು ಸಾಲನ್ನು ನೆನಪಿಟ್ಟುಕೊಂಡು, ಬೇಸರವಿಲ್ಲದೆ ಅದನ್ನೇ ಮಾಡುತ್ತಿರುವ ಪುಟ್ಟ ಬೋರ್ಡುಗಳವು.

ಇದೆಲ್ಲ ಶುರುವಾದದ್ದು ನೀರಿನ ತೊಟ್ಟಿಯಿಂದ. ತೊಟ್ಟಿ ತುಂಬಿ ಮಹಡಿಯಿಂದ ನೀರು ಸುರಿದಾಗಲೆಲ್ಲ ಕೆಳಮನೆಯಾಕೆ ಬೀದಿಗೆಲ್ಲ ಕೇಳುವಂತೆ ಮಂಗಳಾರತಿ ಮಾಡುತ್ತಿದ್ದಳು. ಅವಳ ಬಾಯಿ ಮುಚ್ಚಿಸಲೆಂದೇ ತಂತಿಯಮ್ಮ ವಿಡಿಯೋ ನೋಡಿ ನೋಡಿ ಈ ವಿದ್ಯೆ ಕಲಿತಳು. ಮೊದಲ ಸಲ ಒಂದು ಚಿಕ್ಕ ದೀಪ ಮಿಣಮಿಣ ಎಂದಾಗ ಮನೆಯವರನ್ನೆಲ್ಲ ಕೂಗಿ ಕರೆದಿದ್ದಳು.

"ಇಷ್ಟೇನಾ? ಸ್ವಿಚ್ ಹಾಕಿದ್ರೂ ದೀಪ ಹತ್ತುತ್ತಲ್ಲ" ಎಂದ ಗಂಡ. ಅವನು ಬಸ್ ಡ್ರೈವರ್, ಸಣ್ಣಪುಟ್ಟದ್ದಕ್ಕೆಲ್ಲ ಬೆರಗಾಗುವವನಲ್ಲ.

"ಸುಮ್ನಿರಪ್ಪ, ಅದು ತಾನಾಗೇ ಹತ್ತಿ ತಾನಾಗೇ ಆರ್ತಿದೆ. ನಮ್ಮ ಹುಡುಗಿ ಹೇಳಿಕೊಟ್ಟಿದ್ದಾಳೆ ಅದಕ್ಕೆ" ಎಂದಳು ಅಕ್ಕ.

ಅಕ್ಕ ಎಂದರೆ ತಂತಿಯಮ್ಮನಿಗೆ ಅಮ್ಮನೂ ಹೌದು. ತಾಯಿ ತೀರಿಕೊಂಡ ಮೇಲೆ ಹೊಲಿಗೆ ಯಂತ್ರ ತುಳಿದು ತುಳಿದು ತಂಗಿಯನ್ನು ಸಾಕಿದವಳು. ತನಗೊಂದು ಸಂಸಾರ ಬೇಕೆಂದು ಬಾಯಿಬಿಟ್ಟು ಹೇಳಲೇ ಇಲ್ಲ. ಹೇಳಿದ್ದರೂ ಕೇಳಲು ಯಾರಿದ್ದರು?

ಈಗ ಆ ಅಕ್ಕನ ತಲೆಯೊಳಗೆ ಒಂದೊಂದೇ ಕೋಣೆ ಖಾಲಿಯಾಗುತ್ತಿತ್ತು. ಮೊದಲು ಉಪ್ಪಿನ ಡಬ್ಬಿ ಎಲ್ಲಿದೆ ಎಂಬುದು ಮರೆಯಿತು, ಆಮೇಲೆ ವಾರ, ಆಮೇಲೆ ತಂಗಿಯ ಗಂಡ ಯಾರೆಂಬುದು. ಆದರೆ ಹೊಲಿದ ಬಟ್ಟೆಯನ್ನು ಮನೆಮನೆಗೆ ಮುಟ್ಟಿಸಬೇಕು ಎಂಬುದೊಂದು ಮಾತ್ರ ಮರೆಯಲಿಲ್ಲ. ಮಧ್ಯಾಹ್ನವಾಯಿತೆಂದರೆ ಹಳೆಯ ಬಟ್ಟೆಗಳನ್ನೇ ಮಡಿಸಿ ಚೀಲಕ್ಕೆ ತುಂಬಿಕೊಂಡು ಹೊರಟುಬಿಡುವಳು. ಒಂದು ಸಲ ಬಸ್ ನಿಲ್ದಾಣದಲ್ಲಿ ಸಿಕ್ಕಳು, ಇನ್ನೊಂದು ಸಲ ಯಾರದೋ ಮನೆಯ ಜಗಲಿಯಲ್ಲಿ. ಎರಡು ಸಲವೂ ತಂತಿಯಮ್ಮನ ಜೀವ ಬಾಯಿಗೆ ಬಂದಿತ್ತು.

"ನೋಡು, ನಂಗೂ ಹೇಳೋಕೆ ಬೇಜಾರೇ" ಎಂದ ಗಂಡ. "ಆದ್ರೆ ನಾವಿಬ್ರೂ ಕೆಲಸಕ್ಕೆ ಹೋದಾಗ ಹೊರಗಿಂದ ಬೀಗ ಹಾಕೋಣ. ಅಕ್ಕನ ಒಳ್ಳೇದಕ್ಕೇ ಹೇಳ್ತಿದ್ದೀನಿ."

"ಬೆಂಕಿ ಗಿಂಕಿ ಬಿದ್ರೆ? ಅದೂ ಹೋಗ್ಲಿ, ಅವಳು ಒಳಗಿಂದ ಬಾಗಿಲು ಬಡೀತಾ ಕೂತಿರ್ಬೇಕಾ? ನನ್ನನ್ನ ಸಾಕಿದೋಳಿಗೆ ನಾನು ಬೀಗ ಹಾಕಲ್ಲ."

"ಮತ್ತೇನು ಮಾಡ್ತೀಯ?"

"ಬಾಗಿಲಿಗೆ ಕಾವಲು ಇಡ್ತೀನಿ."

ಹಾಗೆ ಹುಟ್ಟಿತು ಆ ಡಬ್ಬಿ. ಬಾಗಿಲಿಗೊಂದು ಚಿಕ್ಕ ಅಯಸ್ಕಾಂತ, ಚೌಕಟ್ಟಿಗೊಂದು ಬೋರ್ಡು. ಬಾಗಿಲು ತೆರೆದರೆ ಬೋರ್ಡು ಗಾಳಿಯಲ್ಲೇ ಸುದ್ದಿ ಕಳಿಸಬೇಕು, ಎದುರು ಸಾಲಿನ ಕನ್ನಡಕದಂಗಡಿಯಲ್ಲಿ ಅವಳ ಕೈಯಳತೆಯಲ್ಲಿರುವ ಬಜರ್ ಗುಂಯ್ ಎನ್ನಬೇಕು. ಅಕ್ಕ ಮೆಟ್ಟಿಲಿಳಿದು ಬೀದಿಗೆ ಬರುವಷ್ಟರಲ್ಲಿ ಇವಳು ಓಡಿಬರಬಹುದು. ಅಂಗಡಿಯ ಯಜಮಾನರು ಗೊಣಗುತ್ತಲೇ ಒಪ್ಪಿದರು. "ಓಡಮ್ಮ, ಕನ್ನಡಕ ಎಲ್ಲೂ ಓಡಿಹೋಗಲ್ಲ" ಎಂದರು.

ಅಳವಡಿಸಿದ ದಿನ ಬೆಳಿಗ್ಗೆ ಬಾಗಿಲ ಬಳಿ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಕೇಬಲ್ಲಿನಿಂದ ಬೋರ್ಡಿಗೆ ಜೋಡಿಸಿಕೊಂಡು, ಬಾಗಿಲು ತೆಗೆದು ಹಾಕಿ, ತೆಗೆದು ಹಾಕಿ ನೋಡಿದಳು. ಗಂಡ ಅಂಗಡಿಯಲ್ಲಿ ನಿಂತು ಫೋನಿನಲ್ಲಿ, "ಬಂತು... ಬಂತು... ಸಾಕು ಮಾರಾಯ್ತಿ, ಕಿವಿ ತೂತಾಯ್ತು" ಎನ್ನುತ್ತಿದ್ದ. ಒಂದು ಸಲವೂ ತಪ್ಪಲಿಲ್ಲ. ಕೆಲಸಕ್ಕೆ ಹೊತ್ತಾಗಿತ್ತು. ಲ್ಯಾಪ್‌ಟಾಪಿನ ಕೇಬಲ್ ಕಿತ್ತು, ಹಳೆಯ ಫೋನ್ ಚಾರ್ಜರ್ ಸಿಕ್ಕಿಸಿದಳು. ಬೋರ್ಡಿನ ಕೆಂಪು ದೀಪ ಹತ್ತಿತು. ಮುಚ್ಚಳ ಹಾಕಿ, ಅಕ್ಕನಿಗೆ ಊಟ ಮುಚ್ಚಿಟ್ಟು, "ಬರ್ತೀನಿ ಕಣೇ" ಎಂದು ಹೊರಟಳು. ಚಾರ್ಜರ್ ಸಿಕ್ಕಿಸಿದ ಮೇಲೆ ಇನ್ನೊಂದು ಸಲ ಬಾಗಿಲು ತೆಗೆದು ನೋಡಿದ್ದರೆ! ಆದರೆ ಅಷ್ಟು ಸಲ ಸರಿಯಾಗಿ ನಡೆದದ್ದನ್ನು ಮತ್ತೆ ಯಾರು ನೋಡುತ್ತಾರೆ?

ಆ ಮಧ್ಯಾಹ್ನ ಬಜರ್ ಸದ್ದು ಮಾಡಲಿಲ್ಲ. ಅವಳಿಗೆ ಹಾಯೆನಿಸಿತು. ಅಕ್ಕ ಇವತ್ತು ಮಲಗಿರಬೇಕು ಎಂದುಕೊಂಡು, ಎಷ್ಟೋ ತಿಂಗಳ ಮೇಲೆ ನೆಮ್ಮದಿಯಿಂದ ಗಾಜು ಉಜ್ಜಿದಳು. ಕೆಲಸದ ನಡುವೆ ಏನನ್ನೋ ಗುನುಗುತ್ತಲೂ ಇದ್ದಳು. ಆಗಲೇ ಹಣ್ಣಿನ ಗಾಡಿಯವನು ಏದುಸಿರು ಬಿಡುತ್ತ ಅಂಗಡಿಯ ಒಳಕ್ಕೇ ನುಗ್ಗಿದ.

"ತಂತಿಯಮ್ಮೋರೆ, ಬೇಗ ಬನ್ನಿ. ರಸ್ತೆ ದಾಟೋ ಸುರಂಗದಾರಿ ಮೆಟ್ಟಿಲ ಹತ್ರ ನಿಮ್ಮಕ್ಕ ಬಿದ್ಬಿಟ್ಟಿದ್ದಾರೆ."

ಅವಳು ಮೊದಲು ನೋಡಿದ್ದು ಬಜರ್ ಕಡೆ. ಅಕ್ಕ ಹೇಗೆ ಹೊರಗೆ ಬಂದಳು, ಇದು ಕೂಗಲೇ ಇಲ್ಲವಲ್ಲ ಎಂದುಕೊಂಡಳು. ಆಮೇಲೆ ಚಪ್ಪಲಿಯಿಲ್ಲದೆ ಓಡಿದಳು.

ಸೊಂಟದ ಮೂಳೆ ಮುರಿದಿತ್ತು. ಈ ವಯಸ್ಸಿಗೆ, ಇಷ್ಟು ಸೋತ ಹೃದಯಕ್ಕೆ ಆಪರೇಷನ್ ಕಷ್ಟ ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ಮನೆಗೆ ಕರೆದುಕೊಂಡು ಹೋಗಿ, ನೋವಿಗೆ ಮಾತ್ರೆ ಕೊಡಿ, ಚೆನ್ನಾಗಿ ನೋಡಿಕೊಳ್ಳಿ ಎಂದರು. ಮುಂದೇನಾಗುತ್ತದೆ ಎಂದು ಅವರು ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಅಕ್ಕನನ್ನು ಮಂಚಕ್ಕೆ ಸೇರಿಸಿದ ಮೇಲೆ ಬಾಗಿಲ ಡಬ್ಬಿಯನ್ನು ಬಿಚ್ಚಿದಳು. ಕೆಂಪು ದೀಪ ಏನೂ ಆಗಿಲ್ಲವೆಂಬಂತೆ ಉರಿಯುತ್ತಿತ್ತು. ಎಲ್ಲಿ ಕೆಟ್ಟಿದೆ ನೋಡೋಣವೆಂದು ಬಾಗಿಲು ತೆರೆದಿಟ್ಟು ಕಂಪ್ಯೂಟರಿಗೆ ಜೋಡಿಸಿದ್ದೇ ತಡ, ಅಂಗಡಿಯಿಂದ ತಂದಿಟ್ಟುಕೊಂಡಿದ್ದ ಬಜರ್ ಚೂಟಿಯಾಗಿ ಗುಂಯ್ ಎಂದಿತು. ಕಿತ್ತು ಚಾರ್ಜರಿಗೆ ಹಾಕಿದಳು. ಸದ್ದಿಲ್ಲ. ಮತ್ತೆ ಕಂಪ್ಯೂಟರಿಗೆ ಹಾಕಿದಳು. ಗುಂಯ್. ತಾನು ಬರೆದದ್ದನ್ನು ಪರದೆಯ ಮೇಲೆ ತೆರೆದಳು. ಪ್ರೋಗ್ರಾಮಿನ ಮೊದಲ ಸಾಲುಗಳಲ್ಲೇ ಅದು ಕೂತಿತ್ತು. 'ಕಂಪ್ಯೂಟರ್ ಸಿಗುವವರೆಗೆ ಕಾಯುತ್ತಿರು' ಎಂಬ ಆಜ್ಞೆ. ಕಲಿಯುವವರೆಲ್ಲ ಹಾಕಿಕೊಳ್ಳುವ ಸಾಲು ಅದು. ಬೋರ್ಡು ಹೇಳುವ ಮೊದಲ ಮಾತೂ ತಪ್ಪದೆ ಪರದೆಯ ಮೇಲೆ ಕಾಣಲೆಂದು ಹಾಕಿಕೊಳ್ಳುತ್ತಾರೆ, ಕೆಲಸ ಮುಗಿದ ಮೇಲೆ ತೆಗೆಯುತ್ತಾರೆ. ಅವಳು ತೆಗೆಯುವುದನ್ನು ಮರೆತಿದ್ದಳು. ಚಾರ್ಜರಿಗೆ ಸಿಕ್ಕಿಸಿದ ಬೋರ್ಡಿಗೆ ಕಂಪ್ಯೂಟರ್ ಎಲ್ಲಿಂದ ಸಿಗಬೇಕು? ಅವಳು ಎದುರು ಕೂತು ನೋಡುತ್ತಿರುವಷ್ಟು ಹೊತ್ತು ಮಾತ್ರ ಆ ಡಬ್ಬಿ ಕಾವಲು ಕಾಯುತ್ತಿತ್ತು.

ಗಂಡ ಹತ್ತಿರ ಬಂದು ಕೂತ. ಬೀಗದ ಮಾತು ಎತ್ತಲಿಲ್ಲ. ಆ ಒಂದು ಉಪಕಾರವನ್ನು ಅವಳು ಕೊನೆಯವರೆಗೂ ನೆನೆಯುತ್ತಿದ್ದಳು.

"ಹೋಗ್ಲಿ ಬಿಡು, ಯಂತ್ರ ಅಂದ್ಮೇಲೆ ಕೈಕೊಡುತ್ತೆ. ನಮ್ಮ ಬಸ್ಸು ಕೊಡಲ್ವಾ?"

"ಯಂತ್ರ ಕೈಕೊಡ್ಲಿಲ್ಲ ರೀ. ನಾನು ಕಾಯಿ ಅಂದಿದ್ದೆ, ಅದು ಕಾಯ್ತಾ ಕೂತಿತ್ತು. ಕೈಕೊಟ್ಟಿದ್ದು ನಾನು."

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಒಳಗಿನಿಂದ ಅಕ್ಕ, "ಯಾರೇ ಅದು ಅಳ್ತಿರೋದು? ಮಗೂಗೆ ಹಸಿವಾಗಿರ್ಬೇಕು, ನೋಡು" ಎಂದಳು.

ಇನ್ನು ತಂತಿಗಳನ್ನು ಮುಟ್ಟುವುದಿಲ್ಲ ಎಂದುಕೊಂಡಿದ್ದಳು. ಆದರೆ ಅಕ್ಕನ ದನಿ ದಿನದಿನಕ್ಕೆ ಇಳಿಯುತ್ತಿತ್ತು. ಪಕ್ಕದ ಕೋಣೆಗೂ ಕೇಳದು. ಕೆಳಮನೆಯಾಕೆ ಹಗಲಲ್ಲಿ ಬಂದು ನೋಡಿ ಹೋಗುತ್ತಿದ್ದಳು, ನಿಜ. ಬಾಯಿ ಜೋರಾದರೂ ಕರುಳಿದ್ದ ಹೆಂಗಸು. ಹಾಗಂತ ಮೂರು ಹೊತ್ತೂ ಕೂತಿರಲು ಅವಳಿಗೂ ಸಂಸಾರವಿಲ್ಲವೇ? ಕೊನೆಗೆ ತಂತಿಯಮ್ಮ ಅದೇ ಬೋರ್ಡನ್ನು ತೆಗೆದುಕೊಂಡು, ಆ ಸಾಲನ್ನು ಅಳಿಸಿ, ಬಾಗಿಲಿನ ಬದಲು ಒಂದು ಅಗಲವಾದ, ಒತ್ತುವ ಗುಂಡಿಗೆ ಜೋಡಿಸಿದಳು. ಅಕ್ಕನ ಬೆರಳು ನೋಯದಂತೆ ಗುಂಡಿಯ ಸುತ್ತ ಮೆತ್ತಗಿನ ಬಟ್ಟೆ ಹೊಲಿದಳು. ಕಂಪ್ಯೂಟರನ್ನು ಮುಚ್ಚಿ ಬೀರುವಿನಲ್ಲಿಟ್ಟು, ಬೀರುವಿನ ಬಾಗಿಲೂ ಹಾಕಿ, ಆಮೇಲೆ ಅಕ್ಕನ ಕೈಗೆ ಗುಂಡಿ ಕೊಟ್ಟಳು. ಬಜರನ್ನು ತನ್ನ ಕುತ್ತಿಗೆಗೆ ದಾರದಲ್ಲಿ ಕಟ್ಟಿಕೊಂಡಳು.

ಅಕ್ಕ ಒತ್ತಿದಳು. ಇವಳು ಬಂದಳು.

"ಯಾಕೆ ಬಂದೆ?"

"ನೀನು ಕರೆದೆಯಲ್ಲಕ್ಕ."

"ನಾನಾ? ಕರೀಲಿಲ್ವಲ್ಲ. ಸರಿ, ಬಂದಿದ್ದೀಯಲ್ಲ, ಕೂತ್ಕೋ."

ಅಂದಿನಿಂದ ದಿನವೂ ಇದೇ. ಅಕ್ಕ ಒತ್ತುವಳು, ಒತ್ತಿದ್ದು ಮರೆಯುವಳು, ಮತ್ತೆ ಒತ್ತುವಳು. ತಂತಿಯಮ್ಮ ಗಾಜು ಕೆಳಗಿಟ್ಟು ಬೀದಿ ದಾಟಿ ಓಡಿಬರುವಳು. "ಎಲ್ಲಕ್ಕೂ ಓಡ್ಬೇಡ ಕಣೇ, ಸುಮ್ನೆ ಒತ್ತಿರ್ತಾರೆ" ಎಂದು ಗಂಡ ಹೇಳಿ ನೋಡಿದ. ಅವಳು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಸಲ ಬರಲಿಲ್ಲವಲ್ಲ, ಅದಕ್ಕೆ ಎಷ್ಟು ಸಲ ಬಂದರೂ ಸಾಲದು ಎನ್ನುವಂತಿತ್ತು ಅವಳ ಓಡಾಟ.

ಚಳಿ ಕಳೆದು ಬಿಸಿಲು ಏರುತ್ತಿದ್ದ ದಿನಗಳಲ್ಲಿ ಒಂದು ಬೆಳಿಗ್ಗೆ, ಅವಳು ಅಂಗಡಿಗೆ ಬಂದು ಎಷ್ಟು ಹೊತ್ತಾದರೂ ಕುತ್ತಿಗೆಯ ಬಜರ್ ಸದ್ದು ಮಾಡಲಿಲ್ಲ. ಕೈಯಲ್ಲಿದ್ದ ಗಾಜು ಹಾಗೇ ಬಿಟ್ಟು ಎದ್ದಳು. "ಮತ್ತೆ ಕೆಟ್ಟಿತು" ಎಂದು ತನ್ನಷ್ಟಕ್ಕೆ ಅನ್ನುತ್ತ, ತನ್ನನ್ನೇ ಬೈದುಕೊಳ್ಳುತ್ತ ಮೆಟ್ಟಿಲು ಹತ್ತಿದಳು. ಕೋಣೆಗೆ ಬಂದವಳೇ ಗೋಡೆಯ ಚಾರ್ಜರ್ ಮುಟ್ಟಿ ನೋಡಿದಳು. ಬೆಚ್ಚಗಿತ್ತು. ಬೋರ್ಡಿನ ದೀಪ ಉರಿಯುತ್ತಿತ್ತು. ತಂತಿಯನ್ನು ಬೆರಳಲ್ಲಿ ಹಿಡಿದು ಉದ್ದಕ್ಕೂ ಸವರಿದಳು, ಎಲ್ಲೂ ತುಂಡಾಗಿರಲಿಲ್ಲ. ಅಕ್ಕನ ಅಂಗೈ ಬಿಡಿಸಿ ಗುಂಡಿ ತೆಗೆದುಕೊಂಡು ತಾನೇ ಒತ್ತಿದಳು. ಅವಳ ಎದೆಯ ಮೇಲೆ ಬಜರ್ ಗುಂಯ್ ಎಂದಿತು. ಮತ್ತೆ ಒತ್ತಿದಳು, ಮತ್ತೆ ಎಂದಿತು. ಡಬ್ಬಿಯಲ್ಲಿ ಯಾವ ತಪ್ಪೂ ಇರಲಿಲ್ಲ.

ಆಗ ಅವಳು ಅಕ್ಕನ ಮುಖ ನೋಡಿದಳು.