ಸುಲ್ತಾನನ ನಿಲುವಂಗಿಯ ಬಿಳಿ ದಾರ

ಇವತ್ತು ಟ್ರಂಕು ತೆಗೆದಾಗ, ನುಸಿಗುಳಿಗೆಯ ವಾಸನೆಯ ಜೊತೆಗೆ ಹಸಿರು ಮಖಮಲ್ಲಿನ ನಿಲುವಂಗಿ ಸಿಕ್ಕಿತು. ಚಿಕ್ಕಂದಿನಲ್ಲಿ ಶಾಲೆಯ ನಾಟಕದಲ್ಲಿ ನಾನು ಸುಲ್ತಾನ.

ಹೊಲಿದವರು ಜಯನಗರದ ನಮ್ಮ ಬೀದಿಯ ಟೈಲರ್ ರಹೀಂ ಸಾಬರು. "ಹಿಂದಿನ ಕಾಲದಲ್ಲಿ ಒಬ್ಬನ್ನ ಸುಲ್ತಾನ್ ಅಂತ ಒಪ್ಕೊಂಡ್ರೆ, ಸುಲ್ತಾನರಿಗೂ ಮೇಲಿನ ಖಲೀಫರೇ ನಿಲುವಂಗಿ ಕಳಿಸ್ತಿದ್ರು. ಕಾಸು ಕೊಟ್ಟು ತಗೊಂಡ್ರೆ ಅವನೆಂಥ ಸುಲ್ತಾನ್ ಮರಿ?" ಎಂದು ನಕ್ಕು, ಕೂಲಿ ಬೇಡವೆಂದರು.

ಅಜ್ಜಿಗೆ ಗುಮಾನಿ. "ಪುಕ್ಕಟೆ ಯಾಕೆ ಕೊಟ್ಟ? ಒಳಗೇನೋ ಇಟ್ಟಿದಾನೆ."

ಮೂಸಿದರು, ಅಂಚು ಒತ್ತಿ ನೋಡಿದರು. ಕೆಳಗೆ ದಪ್ಪಗಿತ್ತು. "ನೋಡ್ದ್ಯಾ, ಮಾಟದ ತಾಯಿತ!" ನಾನೂ ಹಿಂದೆ ಸರಿದೆ. ಬ್ಲೇಡಿನಿಂದ ಬಿಚ್ಚಿದರೆ, ಒಳಗಿದ್ದದ್ದು ನಾನು ಉದ್ದ ಬೆಳೆದರೆ ಇಳಿಸಿಕೊಳ್ಳಲೆಂದು ಮಡಿಸಿಟ್ಟ ಬಟ್ಟೆ. ಅಜ್ಜಿ ಕೈಗೆ ಸಿಕ್ಕ ಬಿಳಿ ದಾರದಲ್ಲಿ ಮತ್ತೆ ಹೊಲಿದರು.

ಸಾಬರ ಹೊಲಿಗೆ ಇವತ್ತಿಗೂ ಹುಡುಕಿದರೂ ಕಾಣುವುದಿಲ್ಲ. ಅಜ್ಜಿಯದು ದೂರದಿಂದಲೇ ಕಾಣುತ್ತದೆ.